ಸೋತ ಹುಡುಗಿಯರಿಗೆ ‘ಜಿದ್ದ’ ಇಲ್ಲವೇ?

ಉಮರ್ಗಾ: ಬಸ್ ಸ್ಟ್ಯಾಂಡ್ ಎದುರಿನ ಚಹಾದ ಟಪರಿಯಲ್ಲಿ ಕಳೆದ ವಾರವೆಲ್ಲ ಒಂದೇ ಚರ್ಚೆ. ಸೋಯಾಬೀನ್ ದರದ ಮಾತಿಲ್ಲ, ರಾಜಕೀಯದ ಮಾತಿಲ್ಲ. ನಮ್ಮ ಭಾಗದ ಕಾಲೇಜೊಂದರ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಮತ್ತೆ ಸೋತಿದೆ. ಅದೂ ನಲವತ್ತಕ್ಕೂ ಹೆಚ್ಚು ಪಾಯಿಂಟಿನಿಂದ. ಈ ಹಂಗಾಮಿನಲ್ಲಿ ತಂಡ ಒಂದೂ ಪಂದ್ಯ ಗೆದ್ದಿಲ್ಲ. ಕಾಲೇಜಿನ ಹೆಸರು ಇಲ್ಲಿ ಬೇಡ. ಹುಡುಗಿಯರಿಗೆ ಆಗಿರುವ ಅವಮಾನವೇ ಸಾಕು.

‘ಆಟದ ಮ್ಯಾಲ ಮನಸೇ ಇಲ್ರೀ ಇವಕ್ಕ. ಬಾಲ್ ಕಳಕೊಂಡ ಮ್ಯಾಲ ಹಿಂದಕ್ಕ ಓಡಿ ಬರಬೇಕಲ್ಲ? ಮದವಿ ಮೆರವಣಿಗ್ಯಾಗ ಬಂದಂಗ ನಡಕೋತ ಬರ್ತಾವ’ ಎಂದು ನಿವೃತ್ತ ಮಾಸ್ತರರೊಬ್ಬರು ಹೇಳಿದರು. ‘ಜಿದ್ದ ಪಾಹಿಜೆ, ಜಿದ್ದ!’ ಎಂದು ಪಕ್ಕದ ಹುಡುಗ ಮರಾಠಿಯಲ್ಲಿ ದನಿಗೂಡಿಸಿದ. ಇನ್ನೊಬ್ಬರು, ‘ಮಾಸ್ತರ, ನೀವು ಒಂದು ಸಲ ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ ತೋರಸ್ರಿ, ಆಮ್ಯಾಲ ಮಾತಾಡೂಣು’ ಎಂದಾಗ ಎಲ್ಲರೂ ನಕ್ಕರು. ಆದರೆ ಚರ್ಚೆ ನಿಲ್ಲಲಿಲ್ಲ.

ಆ ಪಂದ್ಯಕ್ಕೆ ನಾನೂ ಹೋಗಿದ್ದೆ. ಮಾಸ್ತರರು ಹೇಳಿದ್ದು ಸುಳ್ಳಲ್ಲ. ಕೊನೆಯ ಕ್ವಾರ್ಟರಿನಲ್ಲಿ ನಮ್ಮ ಹುಡುಗಿಯರು ನಿಜಕ್ಕೂ ನಡೆಯುತ್ತಿದ್ದರು. ಎದುರಾಳಿ ತಂಡದವರು ಒಬ್ಬರ ಹಿಂದೊಬ್ಬರು ಬಂದು ಸಲೀಸಾಗಿ ಬಾಸ್ಕೆಟ್ ಮಾಡಿ ಹೋಗುತ್ತಿದ್ದರು. ನೋಡುವವರಿಗೆ ಸಿಟ್ಟು ಬರುವುದು ಸಹಜ. ಆದರೆ ಏಕೆ ನಡೆಯುತ್ತಿದ್ದರು ಎಂದು ಯಾರಾದರೂ ಕೇಳಿದರೇ?

<b>ಏಳೇ ಜನ</b>

ಬಾಸ್ಕೆಟ್‌ಬಾಲ್ ಪಂದ್ಯ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷದ ಆಟ. ಅಂಕಣದ ಉದ್ದ 28 ಮೀಟರ್, ಅಗಲ 15 ಮೀಟರ್. ಐವರು ಆಡುತ್ತಾರೆ. ತಂಡದಲ್ಲಿ 12 ಜನರವರೆಗೆ ಇರಬಹುದು. ಇಷ್ಟು ಜನ ಬೇಕಾಗುವುದು ಏಕೆಂದರೆ, ಇದು ನಿಂತು ಆಡುವ ಆಟವಲ್ಲ. ಮೂರ್ನಾಲ್ಕು ನಿಮಿಷಕ್ಕೊಮ್ಮೆ ಒಬ್ಬರನ್ನು ಕೂರಿಸಿ ಇನ್ನೊಬ್ಬರನ್ನು ಇಳಿಸಿದರಷ್ಟೇ ಕಾಲು ಉಳಿಯುತ್ತವೆ.

ನಮ್ಮ ತಂಡ ಹೋಗಿದ್ದು ಏಳೇ ಜನರೊಂದಿಗೆ. ಒಬ್ಬಳಿಗೆ ಮದುವೆ ಗೊತ್ತಾಗಿದೆ. ಇಬ್ಬರ ಮನೆಯಲ್ಲಿ ‘ರಾತ್ರಿ ಹೊರಗ ಇರೋದು ಬ್ಯಾಡ’ ಎಂದರು. ಮೂರನೇ ಕ್ವಾರ್ಟರಿನಲ್ಲಿ ಒಬ್ಬಳಿಗೆ ಐದು ಫೌಲ್ ಆಗಿ ಹೊರಗೆ ಬಂದಳು. ಮತ್ತೊಬ್ಬಳ ಕಾಲು ಉಳುಕಿತು. ಉಳಿದವರು ಐವರು. ಬದಲಿ ಆಟಗಾರ್ತಿ ಇಲ್ಲದೆ ಅವರು ಕೊನೆಯ ಶಿಳ್ಳೆಯವರೆಗೂ ಅಂಕಣದಲ್ಲಿ ನಿಂತರು. ಓಡಲಿಲ್ಲ, ಖರೆ. ಆದರೆ ಬಿಟ್ಟು ಬರಲಿಲ್ಲ. ಇದಕ್ಕೆ ಏನು ಹೆಸರು?

ಇನ್ನೊಂದು ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಹತ್ತರಲ್ಲಿ ಆರು ಜನ. ರಕ್ತ ಕಡಿಮೆ ಇದ್ದವರಿಗೆ ಬೇಗ ದಮ್ಮು ಹತ್ತುತ್ತದೆ, ಕಾಲು ಸೋಲುತ್ತವೆ. ಇದನ್ನು ‘ಆ್ಯಟಿಟ್ಯೂಡ್’ ಎನ್ನಲಾಗದು. ಬೆಳಗ್ಗೆ ಬರೀ ಚಹಾ ಕುಡಿದು ಬಸ್ ಹಿಡಿಯುವ ಹುಡುಗಿಗೆ ಮಧ್ಯಾಹ್ನ ಮೂರಕ್ಕೆ ‘ಜೋರು ಓಡು’ ಎಂದರೆ ಎಲ್ಲಿಂದ ಓಡಬೇಕು?

<b>ಬಸ್ಸಿನ ಹೊತ್ತು, ಆಟದ ಹೊತ್ತು</b>

ಅಭ್ಯಾಸ ಏಕೆ ಆಗುವುದಿಲ್ಲ ಎಂಬುದಕ್ಕೆ ಉತ್ತರ ಬಸ್ ಸ್ಟ್ಯಾಂಡಿನಲ್ಲೇ ಇದೆ. ತಂಡದ ಹೆಚ್ಚಿನವರು ಸುತ್ತಲಿನ ಹಳ್ಳಿಯವರು. 2023ರ ಮಾರ್ಚ್ 17ರಿಂದ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ ಆಗಿದೆ. ಒಳ್ಳೆಯದಾಯಿತು. ಗಡಿಯಾಚೆ ಕರ್ನಾಟಕದಲ್ಲಿ ಅದೇ ವರ್ಷ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂತು. ಅದು ಅಲ್ಲಿನ ನಿವಾಸಿಗಳಿಗೆ ಮಾತ್ರ, ನಮ್ಮ ಹುಡುಗಿಯರಿಗೆ ಅನ್ವಯಿಸದು. ಆದರೆ ಇಲ್ಲಿ ಅಡಚಣೆ ಟಿಕೆಟ್ಟಿನದ್ದಲ್ಲ, ಹೊತ್ತಿನದ್ದು. ಅಭ್ಯಾಸಕ್ಕೆ ಸರಿಯಾದ ಸಮಯ ಸಂಜೆ. ಹಳ್ಳಿಯ ಕೊನೆಯ ಬಸ್ಸೂ ಸಂಜೆಯದ್ದೇ. ‘ಹೊತ್ತು ಮುಳುಗೂದ್ರಾಗ ಮನಿಗೆ ಬಾರವ್ವ’ ಎನ್ನುವ ತಾಯಿಯದೂ ತಪ್ಪಲ್ಲ.

ಹೀಗಾಗಿ ಸ್ಪರ್ಧೆಗೆ ಒಂದು ವಾರ ಇರುವಾಗ ತಂಡ ಕಟ್ಟುತ್ತಾರೆ. ಅಲ್ಲಿಯವರೆಗೆ ಬಾಲ್ ಕಪಾಟಿನಲ್ಲಿ ಬೀಗದೊಳಗೆ! ಒಂದು ವಾರದಲ್ಲಿ ಕಟ್ಟಿದ ತಂಡ ವರ್ಷವಿಡೀ ಆಡಿದ ತಂಡದ ಎದುರು ನಿಂತರೆ ಫಲಿತಾಂಶ ಏನಾಗಬೇಕೋ ಅದೇ ಆಗಿದೆ.

ಈ ಆಟದ ಇತಿಹಾಸದಲ್ಲೇ ಒಂದು ವಿಪರ್ಯಾಸವಿದೆ. ಅಮೆರಿಕದಲ್ಲಿ 1891ರಲ್ಲಿ ಬಾಸ್ಕೆಟ್‌ಬಾಲ್ ಹುಟ್ಟಿತು. ಮರುವರ್ಷ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ಹುಡುಗಿಯರಿಗೆ ಕಲಿಸಿದರು. ಹೆಣ್ಣುಮಕ್ಕಳು ಹೆಚ್ಚು ಓಡಬಾರದೆಂದು ಅಂಕಣವನ್ನು ಮೂರು ಭಾಗ ಮಾಡಿ, ಗೆರೆ ದಾಟದಂತೆ ನಿಯಮ ಮಾಡಿದ್ದರು. ಅಂದು ‘ಓಡಬೇಡಿ’ ಎಂದು ಗೆರೆ ಹಾಕಿದರು, ಇಂದು ‘ಏಕೆ ಓಡುವುದಿಲ್ಲ’ ಎಂದು ಬೈಯುತ್ತೇವೆ. ನಮ್ಮ ಮನೆಗಳಲ್ಲಿ ಆ ಗೆರೆ ಇನ್ನೂ ಅಳಿಸಿದೆಯೇ?

<b>ಸಾರಿಕಾ ಕಾಳೆಯ ಹೆಸರು ಹೇಳುವವರಿಗೆ</b>

ಟಪರಿಯಲ್ಲಿ ಕೊನೆಗೆ ಬರುವ ಅಸ್ತ್ರ ಇದು: ‘ನಮ್ಮ ಜಿಲ್ಲಾದ ಸಾರಿಕಾ ಕಾಳೆ ಹ್ಯಾಂಗ ಆಡಿದ್ಲು?’ ಸರಿಯಾದ ಪ್ರಶ್ನೆ. ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಯ ಸಾರಿಕಾ 2016ರಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ಮಹಿಳಾ ಖೋ ಖೋ ತಂಡದ ನಾಯಕಿ. 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಸುಮಾರು ಹತ್ತು ವರ್ಷ ದಿನಕ್ಕೆ ಒಂದೇ ಹೊತ್ತು ಊಟ ಮಾಡಿ ಆಡಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲೂ ಇದೇ ಜಿಲ್ಲೆಯ ಅಶ್ವಿನಿ ಶಿಂದೆ ಇದ್ದರು, ಕರ್ನಾಟಕದ ಚೈತ್ರಾ ಇದ್ದರು.

ಆದರೆ ಉಪವಾಸ ಇದ್ದಿದ್ದಕ್ಕೆ ಸಾರಿಕಾ ಗೆದ್ದಳು ಎಂದು ತಿಳಿದರೆ ತಪ್ಪು. ಉಪವಾಸ ಇದ್ದರೂ ಗೆದ್ದಳು. ಆಕೆಗೆ ಕಲಿಸುವ ಗುರುಗಳಿದ್ದರು, ಜತೆಗೆ ಆಡುವ ಗೆಳತಿಯರಿದ್ದರು, ಖೋ ಖೋ ಬೇರು ಬಿಟ್ಟ ಊರಿತ್ತು. ನಮ್ಮ ಹುಡುಗಿಯರಿಗೆ ಹಸಿವು ಇದೆ, ಉಳಿದದ್ದು ಎಲ್ಲಿದೆ?

ಸೋಲು ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ದೇಶದ ತಂಡವೇ ನಿದರ್ಶನ. 2017ರಲ್ಲಿ ಬೆಂಗಳೂರಿನಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ ‘ಬಿ’ ವಿಭಾಗ ಗೆದ್ದರು, ಮೇಲಿನ ವಿಭಾಗಕ್ಕೆ ಏರಿದರು. 2019ರಲ್ಲಿ ಅದೇ ಬೆಂಗಳೂರಿನಲ್ಲಿ ಜಪಾನ್, ಕೊರಿಯಾದಂಥ ತಂಡಗಳ ಎದುರು ಎಂಟರಲ್ಲಿ ಎಂಟನೆಯವರಾದರು. ಎರಡು ವರ್ಷದಲ್ಲಿ ಛಲ ಸತ್ತು ಹೋಯಿತೇ? ಇಲ್ಲ, ಎದುರಾಳಿ ಬದಲಾದರು.

<b>ಮಾಡಬೇಕಾದ್ದು</b>

ಹುಡುಗಿಯರದ್ದೇನೂ ತಪ್ಪಿಲ್ಲ ಎಂದು ನಾನು ಹೇಳುತ್ತಿಲ್ಲ. ಇದ್ದ ಒಂದು ವಾರದ ಅಭ್ಯಾಸಕ್ಕೂ ಇಬ್ಬರು ತಡವಾಗಿ ಬರುತ್ತಿದ್ದರಂತೆ. ಸೋಲುವಾಗ ಒಬ್ಬರಿಗೊಬ್ಬರು ಮುಖ ತಿರುಗಿಸಿದ್ದನ್ನು ನಾನೇ ಕಂಡಿದ್ದೇನೆ. ಅದನ್ನು ಅವರ ಮಾಸ್ತರರು ಕಿವಿ ಹಿಂಡಿ ಹೇಳಲಿ. ಹೇಳುವ ಹಕ್ಕು ದಿನಾ ಮೈದಾನಕ್ಕೆ ಬಂದವರಿಗಿದೆ.

ಮುಖ್ಯವಾಗಿ ಆಗಬೇಕಾದ್ದು ಪಂದ್ಯಗಳು. 1956ಕ್ಕೆ ಮೊದಲು ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲೇ ಇದ್ದವು. ಇಂದು ಉಮರ್ಗಾದ ಕಾಲೇಜುಗಳು ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ, ನಿಲಂಗಾ–ಉದಗೀರದವು ನಾಂದೇಡ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ಬಸವಕಲ್ಯಾಣ, ಭಾಲ್ಕಿಯಂತೂ ಬೇರೆ ರಾಜ್ಯವೇ. ಹೀಗಾಗಿ ನೆರೆಯ ಊರುಗಳ ಹುಡುಗಿಯರು ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಪರಸ್ಪರ ಎದುರಾಗುವುದೇ ಇಲ್ಲ. ಹೆಣ್ಣು ಕೊಡುವಾಗ, ತರುವಾಗ ಇಲ್ಲದ ಗಡಿ ಆಟಕ್ಕೆ ಏಕೆ? ತಿಂಗಳಿಗೊಂದು ಭಾನುವಾರ, ಹಗಲಿನಲ್ಲಿ ಸ್ನೇಹಪಂದ್ಯ ನಡೆಸಲು ಯಾವ ವಿಶ್ವವಿದ್ಯಾಲಯದ ಟ್ರೋಫಿಯೂ ಬೇಕಿಲ್ಲ. ಕಾಲೇಜುಗಳು ಅಂಕಣ ಕೊಡಲಿ, ಊರವರು ಶೇಂಗಾ ಚಿಕ್ಕಿ, ಬಾಳೆಹಣ್ಣು ಕೊಡಲಿ, ತಂದೆ-ತಾಯಿ ಜತೆಗೆ ಬಂದು ಕುಳಿತು ನೋಡಲಿ.

ಆ ದಿನ ನನಗೆ ಖುಷಿ ಕೊಟ್ಟ ಸಂಗತಿ ಒಂದಿದೆ. ಎದುರಾಳಿಗೆ ತಿಳಿಯಬಾರದೆಂದು ನಮ್ಮ ಹುಡುಗಿಯರು ಅಂಕಣದಲ್ಲಿ ಕನ್ನಡದಲ್ಲೇ ಕೂಗುತ್ತಿದ್ದರು. ‘ಎಡಕ್ಕ ಬಾರೇ’, ‘ಹಿಂದ ನೋಡವ್ವ’ ಎಂಬ ಮಾತು ಕೇಳಿ ಕುಳಿತಲ್ಲೇ ನಕ್ಕೆ. ಮನೆಯಲ್ಲಷ್ಟೇ ಉಳಿದ ಭಾಷೆ ಮೈದಾನಕ್ಕೆ ಬಂದಿತ್ತು.

ಮರಾಠಿಯಲ್ಲಿ ‘ಜಿದ್ದ’ ಎಂದರೆ ಛಲ. ಕನ್ನಡದಲ್ಲಿ ‘ಜಿದ್ದು’ ಎಂದರೆ ಹಗೆತನ. ಎರಡೂ ಬಲ್ಲ ನಾವು ಹುಡುಗಿಯರಿಂದ ಮೊದಲಿನದ್ದನ್ನು ಕೇಳುತ್ತಾ ಎರಡನೆಯದ್ದನ್ನು ತೋರಿಸುತ್ತಿಲ್ಲವೇ? ಮುಂದಿನ ಪಂದ್ಯಕ್ಕೆ ಮಾಸ್ತರರೂ ಬರಲಿ. ಬೈಯುವುದಿದ್ದರೆ ಬೈಯಲಿ. ಆದರೆ ಬರುವಾಗ ಒಂದು ಡಜನ್ ಬಾಳೆಹಣ್ಣು ಮರೆಯದಿರಲಿ.