ಲೋಟದಲ್ಲಿ ಪಂಕ್ತಿಭೇದ ಬೇಡ



ಜಿನ್‌ಗೆ ಲಿಂಬೆರಸ, ಹೂವಿನ ಪಾಕ ಬೆರೆಸಿ ಮನೆಯಲ್ಲಿಯೇ ಅತಿಥಿಗಳಿಗೆ ನೀಡುವವರಿದ್ದಾರೆ. ವಯಸ್ಕರ ಆ ಆಯ್ಕೆಯನ್ನು ನಾನು ಹಳಿಯಲಾರೆ. ಆದರೆ ಕುಡಿಯದವರ ಕೈಗೆ ಬಾಟಲಿಯ ಸೋಡಾ ಕೊಟ್ಟು ಸುಮ್ಮನಾಗುವುದು ಆತಿಥ್ಯವಲ್ಲ. ಜಿನ್‌ನ ಮುಖ್ಯ ಗಂಧ ಜೂನಿಪರ್ ಕಾಯಿಯದು. ಉಳಿದ ಸೊಗಸು ಹೂವು, ಲಿಂಬೆಗಳದು. ಅವೆರಡೂ ನಮ್ಮ ರನ್ನ ಬೆಳಗಲಿಗೆ ದುರ್ಲಭವಲ್ಲ. ನೆರೆಯ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ.

ಸಕ್ಕರೆ ಪಾಕವನ್ನು ಒಲೆಯಿಂದ ಇಳಿಸಿ, ಔಷಧಿ ಸಿಂಪಡಿಸದ ಗುಲಾಬಿ ಎಸಳುಗಳನ್ನು ನೆನೆಸಿರಿ. ತಣಿದ ಬಳಿಕ ಸೋಸಿ, ಲಿಂಬೆ ಹಿಂಡಿ, ತಣ್ಣೀರು ಬೆರೆಸಿರಿ. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಮಕ್ಕಳಾದಿಯಾಗಿ ಎಲ್ಲರಿಗೂ ಈ ಒಂದೇ ಹೂಜಿಯಿಂದ ಕೊಡಬಹುದು. ಊಟದ ಎಲೆಯಲ್ಲಿ ಪಂಕ್ತಿಭೇದ ತಪ್ಪೆಂದು ಕಲಿತ ನಾವು, ಲೋಟದಲ್ಲಿ ಅದನ್ನು ಮರಳಿ ತರಬಾರದೆಂಬುದು ನನ್ನ ಅಭಿಪ್ರಾಯ.