ಆಕಾಶಕ್ಕೂ ಜಮೀನ್ದಾರರೇ?

ಮೆಕ್ಸಿಕೋ ದೇಶದ ಓಹಾಕಾ ಪ್ರಾಂತದ ಬೆಟ್ಟಗಳ ನಡುವೆ ತಲೇಯಾ ದೆ ಕಾಸ್ತ್ರೋ ಎಂಬ ಊರಿದೆ. ಜಾಪೊತೆಕ್ ಮೂಲನಿವಾಸಿಗಳು ಕಾಫಿ ಬೆಳೆದು ಬದುಕುವ ಊರು. ಜನಸಂಖ್ಯೆ ಸುಮಾರು 2,500. ಈ ಜನ ಮೊಬೈಲ್ ಕಂಪನಿಗಳ ಬಾಗಿಲು ತಟ್ಟಿ ಸೋತರು. ಇಷ್ಟು ಸಣ್ಣ ಊರಿಗೆ ಟವರ್ ನಿಲ್ಲಿಸಿದರೆ ಗಿಟ್ಟುವುದಿಲ್ಲವೆಂಬುದೇ ಸಿಕ್ಕ ಉತ್ತರ. ಕಡೆಗೆ 2013ರಲ್ಲಿ ಊರವರೇ ಸಭೆ ಸೇರಿ ತೀರ್ಮಾನ ಮಾಡಿ, ರೈಜೋಮಾಟಿಕಾ ಎಂಬ ಸಣ್ಣ ಸಂಸ್ಥೆಯ ನೆರವಿನಿಂದ ತಮ್ಮದೇ ಮೊಬೈಲ್ ಜಾಲವನ್ನು ಕಟ್ಟಿಕೊಂಡರು. ತಿಂಗಳಿಗೆ 15 ಪೆಸೊ ವಂತಿಗೆ. ಊರೊಳಗಿನ ಮಾತುಕತೆಗೆ ಬೇರೆ ಶುಲ್ಕವಿಲ್ಲ. ಎಲ್ಲರಿಗೂ ಸರದಿ ಸಿಗಬೇಕಲ್ಲ, ಅದಕ್ಕಾಗಿ ಒಂದು ಕರೆಗೆ 5 ನಿಮಿಷವೆಂಬ ಕಟ್ಟಳೆಯನ್ನೂ ತಾವೇ ಹಾಕಿಕೊಂಡರು. ದುಡಿಯಲು ಅಮೆರಿಕಕ್ಕೆ ಹೋದ ಮಕ್ಕಳೊಡನೆ ತಾಯಂದಿರು ಕಡಿಮೆ ಖರ್ಚಿನಲ್ಲಿ ಮಾತನಾಡುವಂತಾಯಿತು.

ಕೋಟಿ ಕೋಟಿ ಬಂಡವಾಳವಿಲ್ಲದೆ ಆಗದೆಂದು ಹೇಳುತ್ತಿದ್ದ ಕೆಲಸವನ್ನು ಕಾಫಿ ಬೆಳೆಗಾರರು ಮಾಡಿದ್ದು ಹೇಗೆ? ವಾಚಕರು ಸ್ವಲ್ಪ ತಾಳ್ಮೆಯಿಂದ ಇದನ್ನು ಕೇಳಬೇಕು, ಏಕೆಂದರೆ ರಾಜಕೀಯವೆಲ್ಲ ಅಡಗಿರುವುದು ಇಲ್ಲಿಯೇ.

ಹಳೆಯ ರೇಡಿಯೋದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಭಾಗವನ್ನು ಬೆಸುಗೆ ಹಾಕಿ ಕೂರಿಸಿರುತ್ತಿದ್ದರು. ಬೇಕಾದ ಅಲೆಯನ್ನು ಆರಿಸಲು ಸುರುಳಿ ಮತ್ತು ಕಂಡೆನ್ಸರ್, ಅದರಿಂದ ಮಾತನ್ನು ಬಿಡಿಸಿ ತೆಗೆಯಲು ಇನ್ನೊಂದು ಜೋಡಣೆ. ಬೇರೊಂದು ಬಗೆಯ ಸಂಕೇತ ಬೇಕೆಂದರೆ ಬೇರೊಂದು ಯಂತ್ರವನ್ನೇ ಕೊಳ್ಳಬೇಕು. ಹೊಸ ಬಗೆಯ ರೇಡಿಯೋದಲ್ಲಿ ಹಾಗಿಲ್ಲ. ಆಂಟೆನಾಕ್ಕೆ ತಾಗಿದ ಅಲೆಯನ್ನು ಸೆಕೆಂಡಿಗೆ ಲಕ್ಷಾಂತರ ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತಾರೆ. ಆ ಮೇಲಿನದೆಲ್ಲ ಬರಿಯ ಲೆಕ್ಕ. ಲೆಕ್ಕದ ವಿಧಿಯನ್ನು ಬದಲಿಸಿದರೆ ಇಂದು ಮೊಬೈಲ್ ಗೋಪುರವಾಗಿದ್ದ ಪೆಟ್ಟಿಗೆಯೇ ನಾಳೆ ಹಡಗಿನ ಸಂಕೇತವನ್ನು ಓದೀತು. ಲೆಕ್ಕವನ್ನು ಬಲು ವೇಗವಾಗಿ ಮಾಡಲು, ಕಾರ್ಖಾನೆಯಿಂದ ಹೊರಬಂದ ಮೇಲೂ ಒಳಗಿನ ಜೋಡಣೆಯನ್ನು ತಿರುಗಿ ಬರೆಯಬಹುದಾದ ಚಿಪ್ಪುಗಳಿವೆ. ಆಂಟೆನಾ, ಶಕ್ತಿವರ್ಧಕ ಮುಂತಾದ ಕೆಲವು ಭಾಗಗಳು ಇಂದಿಗೂ ಲೋಹದವೇ. ಅವಕ್ಕೆ ಅವುಗಳದೇ ಮಿತಿಯುಂಟು. ಉಳಿದದ್ದೆಲ್ಲ ಬರವಣಿಗೆ.

ಇದಕ್ಕೆ 1990ರ ದಶಕದ ಮೊದಲಲ್ಲಿ ಸಾಫ್ಟ್‌ವೇರ್ ರೇಡಿಯೋ ಎಂಬ ಹೆಸರನ್ನು ರೂಢಿಗೆ ತಂದವರು ಅಮೆರಿಕದ ಎಂಜಿನಿಯರ್ ಜೋಸೆಫ್ ಮಿಟೋಲಾ. ಮೊದಲು ಹಣ ಸುರಿದದ್ದು ಸೈನ್ಯ. ಇದು ಎಂದಿನ ಕತೆ. ಆದರೆ 2001ರಲ್ಲಿ ಗ್ನೂ ರೇಡಿಯೋ ಎಂಬ ಸ್ವತಂತ್ರ ತಂತ್ರಾಂಶ ಹುಟ್ಟಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2012ರಲ್ಲಿ, ಟಿ.ವಿ. ನೋಡಲೆಂದು ಕಂಪ್ಯೂಟರಿಗೆ ಸಿಕ್ಕಿಸುವ ಬೆರಳುದ್ದದ ಅಗ್ಗದ ಸಾಧನವೊಂದು ಅಲೆಗಳ ಅಂಕಿಗಳನ್ನು ಹಾಗೆ ಹಾಗೆಯೇ ಕೊಡಬಲ್ಲದೆಂದು ಹವ್ಯಾಸಿಗಳು ಕಂಡುಕೊಂಡರು. ಅಂದಿನಿಂದ ಕಾಲೇಜು ಹುಡುಗರೂ ಹವಾಮಾನ ಉಪಗ್ರಹದ ಚಿತ್ರಗಳನ್ನು ಮನೆಯ ಮಾಳಿಗೆಯಲ್ಲಿ ಹಿಡಿಯುತ್ತಿದ್ದಾರೆ. ತಲೇಯಾದ ಜಾಲ ನಡೆದದ್ದೂ ಓಪನ್‌ಬಿಟಿಎಸ್ ಎಂಬ ಇಂತಹುದೇ ತೆರೆದ ತಂತ್ರಾಂಶದ ಮೇಲೆ.

ಯಂತ್ರ ಅಗ್ಗವಾಯಿತು, ವಿದ್ಯೆ ಬಯಲಾಯಿತು. ಇನ್ನು ಉಳಿದ ಅಡ್ಡಿ ಒಂದೇ: ಅಪ್ಪಣೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಮೆಕ್ಸಿಕೋದಲ್ಲಿ ಈ ಜನ ಬಿಡಲಿಲ್ಲ. ಹಲವು ಹಳ್ಳಿಗಳು ಸೇರಿ ಕಟ್ಟಿದ ಸಂಘಕ್ಕೆ 2016ರಲ್ಲಿ ಐದು ಪ್ರಾಂತಗಳಲ್ಲಿ ಸೇವೆ ನಡೆಸುವ ಪರವಾನಗಿ ದೊರೆಯಿತು. ಲಾಭಕ್ಕಲ್ಲದ ಸಮಾಜೋಪಯೋಗಕ್ಕೆಂದೇ ಕೊಟ್ಟ ಪರವಾನಗಿ. ಕೊಟ್ಟ ಕೈಯೇ ಮತ್ತೆ ತರಂಗಾಂತರಕ್ಕೆ ಶುಲ್ಕ ಕೇಳಿತು. ಸಂಘ ನ್ಯಾಯಾಲಯಕ್ಕೆ ಹೋಗಿ, 2021ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಿಂದ ತನ್ನ ಪರ ತೀರ್ಪು ಪಡೆಯಿತು. ಎಲ್ಲವೂ ಗೆಲುವೇ ಎಂದು ನಾವು ಬಣ್ಣ ಕಟ್ಟುವುದಿಲ್ಲ. ತಲೇಯಾದಲ್ಲಿ ಗಿರಾಕಿಗಳಿದ್ದಾರೆಂದು ಊರವರೇ ತೋರಿಸಿಕೊಟ್ಟ ಮೇಲೆ ದೊಡ್ಡ ಕಂಪನಿಯೊಂದು ಅಲ್ಲಿಗೆ ಬಂದಿತು. ಊರಿನ ಜಾಲ ಮುಚ್ಚಿಹೋಯಿತು. ಗಿಟ್ಟುವುದಿಲ್ಲವೆಂದಿದ್ದ ವ್ಯಾಪಾರ ಆಗ ಗಿಟ್ಟಿತೆಂದಾಯಿತು. ಆದರೆ ಬೇರೆ ಹಳ್ಳಿಗಳಲ್ಲಿ ಜಾಲಗಳು ಬೆಳೆದವು.

ನಮ್ಮ ದೇಶದ ಮಾತಿಗೆ ಬರೋಣ. 1933ರಲ್ಲಿ ಬ್ರಿಟಿಷರು ಮಾಡಿದ ನಿಸ್ತಂತು ಕಾನೂನು, ಪರವಾನಗಿಯಿಲ್ಲದೆ ಯಂತ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನೇ ಅಪರಾಧವೆಂದಿತು. (ಎರಡು ವರ್ಷದ ಮೇಲೆ, 1935ರಲ್ಲಿ, ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರೆಂಬುದನ್ನೂ, ಆಕಾಶವಾಣಿ ಎಂಬ ಹೆಸರು ಆ ಮನೆಯಿಂದ ಬಂದುದನ್ನೂ ಮರೆಯಬಾರದು.) 1995ರಲ್ಲಿ, ಕ್ರಿಕೆಟ್ ಪ್ರಸಾರದ ವ್ಯಾಜ್ಯದಲ್ಲಿ, ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಹೇಳಿತು. ಸ್ವತ್ತು ಸಾರ್ವಜನಿಕ, ಸ್ವಾಧೀನ ಯಾರದು? 2022ರ ಹರಾಜಿನಲ್ಲಿ ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ತರಂಗಾಂತರ ಬಿಕರಿಯಾಯಿತು. ದೇಶವನ್ನು 22 ವಲಯಗಳಾಗಿ ಹಂಚಿದ್ದಾರೆ. ವಲಯವನ್ನು ಹಿಡಿದವನಿಗೆ ಅದರ ಕಟ್ಟಕಡೆಯ ಕಣಿವೆಯ ಆಕಾಶವೂ ಸೇರಿತು, ಅಲ್ಲಿ ಗೋಪುರ ನಿಲ್ಲಿಸಲಿ, ಬಿಡಲಿ. ಶಾಲೆ ಮುಚ್ಚಿದ 2020ರಲ್ಲಿ ಪಾಠ ಕೇಳಲು ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕುಳಿತದ್ದನ್ನು ನಾವೆಲ್ಲ ಕಂಡೆವು. ಆ ಮಕ್ಕಳ ತಲೆಯ ಮೇಲಿನ ಆಕಾಶ ಆಗಲೂ ಯಾರದೋ ಪಟ್ಟಾ ಆಗಿತ್ತು. ಭೂಮಿಯಾಗಿದ್ದರೆ ಬೀಳು ಬಿಟ್ಟದ್ದು ಕಣ್ಣಿಗೆ ಬೀಳುತ್ತಿತ್ತು, ಉಳುವವನೇ ಹೊಲದೊಡೆಯ ಎನ್ನಬಹುದಿತ್ತು.

ಯಾರು ಬೇಕಾದರೂ ಅಲೆ ಬಿಟ್ಟರೆ ವಿಮಾನಗಳ ಗತಿಯೇನು ಎಂದು ಅಧಿಕಾರಿಗಳು ಕೇಳುತ್ತಾರೆ. ಪ್ರಶ್ನೆ ಸುಳ್ಳಲ್ಲ. ಅಮೆರಿಕದ ವಿಮಾನ ನಿಲ್ದಾಣಗಳ ಹವಾಮಾನ ರಾಡಾರಿಗೆ ವೈಫೈ ಯಂತ್ರಗಳಿಂದ ತೊಂದರೆಯಾದದ್ದುಂಟು. ತೊಂದರೆ ಕೊಟ್ಟವನಿಗೆ ದಂಡ ಹಾಕಲಿ. ಅದನ್ನು ಬಿಟ್ಟು, ತಯಾರಿಸಿದ ಕಂಪನಿ ಒಪ್ಪಿದ ತಂತ್ರಾಂಶವಲ್ಲದೆ ಬೇರಾವುದೂ ಒಳಗೆ ಹೋಗದಂತೆ ಪೆಟ್ಟಿಗೆಗೆ ಬೀಗ ಜಡಿಯುವುದು ಯಾವ ನ್ಯಾಯ? ಯೂರೋಪಿನ 2014ರ ನಿಯಮದಲ್ಲಿ ಇಂತಹ ಬೀಗಕ್ಕೆ ಎಡೆಯಿದೆ. ಬದಲಾಯಿಸಬಹುದಾದ ಯಂತ್ರವನ್ನು ಕೊಂಡವನು ಬದಲಾಯಿಸಕೂಡದೆಂದರೆ, ಆ ಗುಣ ಕಂಪನಿಯ ಉಪಯೋಗಕ್ಕೆ ಮಾತ್ರ ಎಂದಾಯಿತು.

ನಮ್ಮ ಕೈಯಲ್ಲಿ ಒಂದು ಆಯುಧವಿದೆ. 2023ರ ದೂರಸಂಪರ್ಕ ಕಾನೂನಿನ 7ನೆಯ ಕಲಮಿನಂತೆ, ತಕ್ಕ ಕಾರಣವಿಲ್ಲದೆ ಬಳಸದೆ ಬಿಟ್ಟ ತರಂಗಾಂತರದ ಹಂಚಿಕೆಯನ್ನು ಕೇಂದ್ರ ಸರಕಾರ ರದ್ದು ಮಾಡಬಹುದು. 2024ರ ಜುಲೈಯಲ್ಲಿ ಈ ಕಲಮು ಜಾರಿಗೆ ಬಂದಿದೆ. ಇದನ್ನು ವಲಯದ ಲೆಕ್ಕದಲ್ಲಿ ನೋಡಿದರೆ ಯಾವ ಕಂಪನಿಯೂ ಸಿಕ್ಕಿಬೀಳದು. ಬೆಂಗಳೂರಿನಲ್ಲಿ ಬಳಸಿದ್ದು ಬಳಸಿದಂತೆಯೇ. ಹಳ್ಳಿಯ ಲೆಕ್ಕದಲ್ಲಿ ನೋಡಬೇಕು. ಯಾವ ಯಾವ ಗ್ರಾಮ ಪಂಚಾಯತಿಯ ಎಲ್ಲೆಯೊಳಗೆ ಯಾವ ತರಂಗಾಂತರ ಬೀಳು ಬಿದ್ದಿದೆಯೆಂಬ ಪಟ್ಟಿಯನ್ನು ಸರಕಾರ ಪ್ರಕಟಿಸಲಿ. ಅಷ್ಟು ಭಾಗವನ್ನು ಬಿಡಿಸಿ, ಕೇಳಿದ ಪಂಚಾಯತಿಗೆ, ಸಹಕಾರ ಸಂಘಕ್ಕೆ, ಹರಾಜಿಲ್ಲದೆ ಕೊಡಲಿ. ನಮ್ಮ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಮೊದಲು ಆ ಪಟ್ಟಿಯನ್ನಾದರೂ ಕೇಳಲಿ.