ಮಕ್ಕಳ ಜೀವನಾಂಶವೂ ಅಧಿಕಾರಿಗಳ ಶಿಕ್ಷಣವೂ

ಹೆತ್ತ ಮಗುವಿಗೆ ಅನ್ನವಸ್ತ್ರಗಳನ್ನು ಒದಗಿಸತಕ್ಕ ಹೊಣೆಯು ತಂದೆಯದೆಂಬುದು ನಮ್ಮಲ್ಲಿ ಧರ್ಮವೂ ಹೌದು, ಕಾನೂನೂ ಹೌದು. ಬ್ರಿಟಿಷ್ ಸರ್ಕಾರದ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 488ನೆಯ ಕಲಮಾಗಿದ್ದಿತು. 1973ರ ಸಂಹಿತೆಯಲ್ಲಿ 125ನೆಯದಾಯಿತು. 2024ನೆಯ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ತಿಂಗಳಿಗೆ 500 ರೂಪಾಯಿಗಳಿಗೆ ಮೀರಕೂಡದೆಂಬ ಹಿಂದಿನ ಮಿತಿಯನ್ನು 2001ರಲ್ಲಿಯೇ ತೆಗೆದುಹಾಕಲಾಯಿತು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟೀಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದ ಮಟ್ಟಿಗೂ ತೀರ್ಮಾನಿಸಬೇಕೆಂದೂ ಕಾನೂನು ವಿಧಿಸುತ್ತದೆ. ಇಷ್ಟೆಲ್ಲ ಇದ್ದೂ ತಾಯಂದಿರು ಮಕ್ಕಳನ್ನು ಕಂಕುಳಲ್ಲಿರಿಸಿಕೊಂಡು ಕೋರ್ಟಿನ ಜಗಲಿಯಲ್ಲಿ ವಾಯಿದೆಯಿಂದ ವಾಯಿದೆಗೆ ಕಾಯುತ್ತಿರುವುದೇಕೆ? ಕಾನೂನಿನ ಕೊರತೆಯಿಂದಲ್ಲ, ಕಾನೂನನ್ನು ನಡೆಸತಕ್ಕ ಕೈಗಳಿಗೆ ತಕ್ಕ ಶಿಕ್ಷಣವಿಲ್ಲದಿರುವುದರಿಂದ ಎಂಬುದೇ ನಮ್ಮ ಅಭಿಪ್ರಾಯ.

ಅಮೆರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ 1975ರ ಕಾನೂನಿನ ಮೇರೆಗೆ ಪ್ರತಿಯೊಂದು ಸಂಸ್ಥಾನದಲ್ಲಿಯೂ ಮಕ್ಕಳ ಜೀವನಾಂಶಕ್ಕೆಂದೇ ಸರ್ಕಾರಿ ಕಚೇರಿಯುಂಟು. ತಂದೆಯನ್ನು ಪತ್ತೆಹಚ್ಚಿ, ವರಮಾನವನ್ನು ಗೊತ್ತುಮಾಡಿ, ಹಣವನ್ನು ವಸೂಲು ಮಾಡುವುದೇ ಅಲ್ಲಿನ ನೌಕರರ ವೃತ್ತಿ. ನಮ್ಮಲ್ಲಿ ಅಂತಹ ಪ್ರತ್ಯೇಕ ಇಲಾಖೆಯಿಲ್ಲ. ಆ ಕೆಲಸವು ಮ್ಯಾಜಿಸ್ಟ್ರೇಟರು, ಕುಟುಂಬ ನ್ಯಾಯಾಲಯದ ಸಲಹೆಗಾರರು, ಕಾನೂನು ಸೇವಾ ಸಮಿತಿಯ ವಕೀಲರು, ವಾರಂಟನ್ನು ಜಾರಿ ಮಾಡುವ ಪೋಲೀಸಿನವರು ಇವರೆಲ್ಲರಲ್ಲಿ ಹಂಚಿಹೋಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ ಸಂರಕ್ಷಣಾಧಿಕಾರಿಗಳ ಕೆಲಸವನ್ನು ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ವಹಿಸಲಾಗಿದೆ; ತಾಲ್ಲೂಕಿನ ಅಂಗನವಾಡಿಗಳ ಭಾರವನ್ನು ಹೊತ್ತವರ ತಲೆಯ ಮೇಲೆ ಇದು ಇನ್ನೊಂದು ಹೊರೆ. ಹಲವರ ಕೆಲಸವಾದುದು ಯಾರ ಕೆಲಸವೂ ಆಗದೆ ಹೋಗುವುದು ಲೋಕದಲ್ಲಿ ಕಂಡ ಸಂಗತಿಯೇ ಆಗಿದೆ.

ಬಿಳಿಗೆರೆಯ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಈ ನಾಡಿನಲ್ಲಿ ಒಕ್ಕಲಿಗನ ಸಂಬಳವು ತಿಂಗಳ ಮೊದಲನೆಯ ತಾರೀಖಿಗೆ ಬರತಕ್ಕದ್ದಲ್ಲ. ಬಲಿತ ಕಾಯನ್ನು ಕಿತ್ತು ಅಟ್ಟಕ್ಕೆ ಏರಿಸಿದರೆ, ಒಳಗಿನ ತಿರುಳು ಒಣಗಿ ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಹಿಡಿಯುವುದುಂಟು. ಅಲ್ಲಿಯವರೆಗೆ ಯಜಮಾನನ ಕೈಯಲ್ಲಿ ಕಾಸಿಲ್ಲ, ಆದರೆ ಅಟ್ಟದ ತುಂಬ ಐಶ್ವರ್ಯ. “ಈ ವರ್ಷ ನನಗೆ ವರಮಾನವೇ ಇಲ್ಲ” ಎಂದು ಅವನು ಪ್ರಮಾಣಪೂರ್ವಕವಾಗಿ ಹೇಳಿದರೆ ಅದು ಅಕ್ಷರಶಃ ಸುಳ್ಳಾಗದಿದ್ದರೂ ಸತ್ಯವಂತೂ ಅಲ್ಲ. ಪಹಣಿಯನ್ನು ತರಿಸಿದರೆ ತೋಟವು ತಂದೆಯ ಅಥವಾ ತಾತನ ಹೆಸರಿನಲ್ಲಿಯೇ ಇರುವುದು, ಅನುಭವಿಸುವವನು ಮಗ. ಧಾರಣೆಯ ಮಾತಂತೂ ಹೇಳಲೇಬೇಕಾಗಿಲ್ಲ. 2025ರಲ್ಲಿ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಗೊತ್ತುಪಡಿಸಿದ ಬೆಂಬಲ ಬೆಲೆಯು ಕ್ವಿಂಟಾಲಿಗೆ 12,100 ರೂಪಾಯಿಗಳು. ಅದೇ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಅದರ ಎರಡರಷ್ಟಕ್ಕೂ ಮೀರಿ ವ್ಯಾಪಾರ ನಡೆಯಿತು. ಬೆಂಬಲ ಬೆಲೆಯೊಂದನ್ನೇ ನಂಬಿ ಲೆಕ್ಕಹಾಕಿದ ಅಧಿಕಾರಿಯು ತನಗರಿವಿಲ್ಲದೆಯೇ ಮಗುವಿನ ಪಾಲಿನಲ್ಲಿ ಅರ್ಧವನ್ನು ಕಳೆದಂತಾಯಿತು.

ಸರ್ವೋಚ್ಚ ನ್ಯಾಯಾಲಯವು ಇದನ್ನು ಕಾಣದೆ ಹೋಗಿಲ್ಲ. 2020ನೆಯ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಮೊಕದ್ದಮೆಯಲ್ಲಿ, ಉಭಯ ಪಕ್ಷದವರೂ ಆಸ್ತಿ, ವರಮಾನ, ಸಾಲಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದೂ, ಜೀವನಾಂಶವು ಅರ್ಜಿಯ ದಿನದಿಂದಲೇ ಸಲ್ಲಬೇಕೆಂದೂ ಅದು ಅಪ್ಪಣೆ ಮಾಡಿತು. ಬೇಸಾಯಗಾರರಿಗೆಂದೇ ಬೇರೆ ನಮೂನೆಯನ್ನು ಕೊಟ್ಟು ಜಮೀನು, ಬೆಳೆ, ದನಕರುಗಳ ವಿವರಗಳನ್ನೂ ಕೇಳಿತು. ಆದರೆ ನಮೂನೆಯು ತಾನಾಗಿ ಮಾತನಾಡಲಾರದು. ಅಟ್ಟದಲ್ಲಿ ಎಷ್ಟು ಕಾಯಿ, ಎಂದಿನ ಕಾಯಿ, ಹಿಂದಿನ ಮೂರು ವರ್ಷ ಮಂಡಿಗೆ ಹೋದ ಕೊಬ್ಬರಿ ಎಷ್ಟು, ಡೈರಿಯಿಂದ ಬರುವ ಬಟವಾಡೆ ಎಷ್ಟು, ಬೆಂಬಲ ಬೆಲೆಯ ಖರೀದಿಗೆ ಹೆಸರು ನೋಂದಾಯಿಸಿದವರು ಯಾರು ಎಂದು ಕೇಳಬಲ್ಲವನಿಗೆ ಮಾತ್ರ ಅದು ಉಪಯುಕ್ತ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕೌಟುಂಬಿಕ ದೌರ್ಜನ್ಯ ಕಾಯಿದೆಯ 20ನೆಯ ಕಲಮಿನ ಪ್ರಕಾರ, ಆಜ್ಞೆಯಾದ ಹಣವನ್ನು ಗಂಡನು ಕೊಡದಿದ್ದರೆ, ಅವನಿಗೆ ಹಣ ಸಲ್ಲಿಸಬೇಕಾದ ಸಾಲಗಾರನಿಂದಲೇ ನೇರವಾಗಿ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವುಂಟು. ಕೊಬ್ಬರಿಯ ಹಣವು ಇನ್ನೂ ಮಂಡಿಯವನಲ್ಲಿಯೇ ಇದ್ದರೆ ಅದು ಗಂಡನ ಕೈಸೇರುವ ಮೊದಲೇ ಒಂದು ಭಾಗ ಮಗುವಿಗೆ ಮುಟ್ಟಬಹುದು. 144ನೆಯ ಕಲಮಿನಲ್ಲಿ ವಾರಂಟೂ ಸೆರೆಮನೆಯೂ ಉಂಟು. ಸೆರೆಮನೆಯಿಂದ ಹಾಲು ಬರುವುದಿಲ್ಲ, ಮಂಡಿಯಿಂದ ಬರುತ್ತದೆ. ಈ ಮಾರ್ಗವನ್ನು ತಿಳಿದು, ಮೊದಲ ಅರ್ಜಿಯಲ್ಲಿಯೇ ಅದಕ್ಕೆ ಬೇಕಾದ ವಿವರಗಳನ್ನು ಸೇರಿಸಿಕೊಡುವ ಸಂರಕ್ಷಣಾಧಿಕಾರಿಯು ನಮಗೆ ಬೇಕು. ಸಂಬಂಧಪಟ್ಟ ಅಧಿಕಾರಿಗಳಿಗೂ ಪೋಲೀಸಿನವರಿಗೂ ನ್ಯಾಯಾಂಗದವರಿಗೂ ಆಗಾಗ್ಗೆ ತರಬೇತಿ ಕೊಡಬೇಕೆಂದು ಅದೇ ಕಾಯಿದೆಯ 11ನೆಯ ಕಲಮು ಸರ್ಕಾರವನ್ನು ಬದ್ಧಗೊಳಿಸಿದೆ. ಆದುದರಿಂದ ನಾವು ಬೇಡುತ್ತಿರುವುದು ಭಿಕ್ಷೆಯಲ್ಲ.

“ಅಧಿಕಾರಿಗಳು ಒಕ್ಕಲಿಗನ ಅಟ್ಟ ಹತ್ತಿ ಕಾಯಿ ಎಣಿಸಬೇಕೇ?” ಎಂದು ಕೆಲವರು ಹಾಸ್ಯ ಮಾಡಬಹುದು. ಎಣಿಸಬೇಕಾಗಿಲ್ಲ, ಕೇಳಲು ಕಲಿತರೆ ಸಾಕು. ಅಲ್ಲದೆ ಈ ಶಿಕ್ಷಣವು ತಂದೆಗೆ ವಿರೋಧವಾದುದೂ ಅಲ್ಲ. ಮಳೆ ಕೈಕೊಟ್ಟೋ, ಕಪ್ಪುತಲೆ ಹುಳು ಗರಿಯನ್ನು ತಿಂದೋ, ಕಾಂಡದಲ್ಲಿ ರಸ ಸೋರಿಯೋ ತೋಟ ಹಾಳಾದವನ ನಿಜವಾದ ಕಷ್ಟವನ್ನು ಗುರುತಿಸಬಲ್ಲವನೂ ತಿಳಿದ ಅಧಿಕಾರಿಯೇ. ತಿಳಿಯದವನು ಉಳ್ಳವನನ್ನು ಬಿಟ್ಟು ಇಲ್ಲದವನನ್ನು ಹಿಂಡುವನು.

ಆದಕಾರಣ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರೂ, ರಾಜ್ಯ ಕಾನೂನು ಸೇವಾ ಪ್ರಾಧಿಕಾರದವರೂ, ನ್ಯಾಯಾಂಗ ಅಕಾಡೆಮಿಯವರೂ ಕೂಡಿ ಈ ತರಬೇತಿಯನ್ನು ಬೆಂಗಳೂರಿನ ಸಭಾಂಗಣದಿಂದ ತಾಲ್ಲೂಕಿಗೆ ಇಳಿಸಬೇಕೆಂದು ಸೂಚಿಸುತ್ತೇವೆ. ಕಲಮುಗಳನ್ನು ಓದಿಸುವ ಒಂದು ದಿನದ ಉಪನ್ಯಾಸ ಸಾಲದು. ತಿಪಟೂರಿನಲ್ಲಿ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿ, ತೋಟಗಾರಿಕೆಯ ಅಧಿಕಾರಿ, ಗ್ರಾಮದ ಲೆಕ್ಕ ಬಲ್ಲವರು ಉಪಾಧ್ಯಾಯರಾಗಲಿ. ಹೆಸರು ಮರೆಸಿದ ಹಳೆಯ ಮೊಕದ್ದಮೆಗಳೇ ಪಾಠವಾಗಲಿ. ರೇಷ್ಮೆಯ ಸೀಮೆಯಲ್ಲಿ ಗೂಡಿನ ಲೆಕ್ಕ, ಮಲೆನಾಡಿನಲ್ಲಿ ಅಡಕೆಯ ಲೆಕ್ಕ ಹೀಗೆಯೇ ನಡೆಯಲಿ. 1987ರ ಕಾಯಿದೆಯ ಮೇರೆಗೆ ಹೆಂಗಸರಿಗೂ ಮಕ್ಕಳಿಗೂ ಅವರ ವರಮಾನವನ್ನು ನೋಡದೆಯೇ ವಕೀಲರ ನೆರವು ಉಚಿತವಾಗಿ ಸಿಕ್ಕತಕ್ಕದ್ದೆಂಬುದನ್ನು ಅಂಗನವಾಡಿಯ ಕಾರ್ಯಕರ್ತೆಯರಿಗೂ ತಿಳಿಸಬೇಕು. ಬಿಟ್ಟುಹೋದ ಸಂಸಾರದ ಮಗುವನ್ನು ಊರಿನಲ್ಲಿ ಮೊದಲು ಕಾಣುವವರು ಅವರು.

ಮಗುವಿನ ಹೊಟ್ಟೆಯು ದಿನಕ್ಕೆ ಮೂರು ಸಲ ಹಸಿಯುವುದು. ಕೊಬ್ಬರಿಯು ವರ್ಷಕ್ಕೊಮ್ಮೆ ಮಂಡಿಗೆ ಹೋಗುವುದು. ಈ ಎರಡರ ನಡುವಣ ಅಂತರವನ್ನು ತುಂಬುವ ಜಾಣ್ಮೆಯನ್ನು ನೌಕರರಿಗೆ ಕಲಿಸುವುದು ಸರ್ಕಾರದ ಕರ್ತವ್ಯ. ಅದಕ್ಕೆ ತಗಲುವ ವೆಚ್ಚ ಅಲ್ಪ. ಅದನ್ನು ಮಾಡದಿದ್ದರೆ ಆಗುವ ನಷ್ಟವನ್ನು ಹೊರುವವರು ಮಾತನಾಡಲಾರದ ಮಕ್ಕಳು.